ಮೂವತ್ತು ವರ್ಷಗಳ ನಂತರ ಟ್ಯೂಬಿಂಗನ್: ಹಳೆಯ ಸ್ನೇಹಿತರ ಮನೆ, ಹಳೆಯ ಊರು

ಪ್ರಶ್ನೆ: 1991ರಿಂದ ಎರಡು ವರ್ಷ ನಾನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡಿದ್ದೆ. ಈಗ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಆಗ ಪ್ರಯೋಗಾಲಯದಲ್ಲಿ ಜೊತೆಗಿದ್ದ ಇಬ್ಬರು ಸ್ನೇಹಿತರು ಇನ್ನೂ ಅದೇ ಊರಿನಲ್ಲಿದ್ದಾರೆ. ಒಬ್ಬರು ಪತ್ನಿಯೊಡನೆ ಇದ್ದಾರೆ, ಇನ್ನೊಬ್ಬರ ಪತ್ನಿ ಮೂರು ವರ್ಷಗಳ ಹಿಂದೆ ತೀರಿಕೊಂಡರು. ಇಬ್ಬರೂ ‘ಬನ್ನಿ, ನಮ್ಮಲ್ಲೇ ಇರಿ’ ಎಂದು ಬರೆಯುತ್ತಿರುತ್ತಾರೆ. ಮುಂದಿನ ವರ್ಷ ನನ್ನ ಪತ್ನಿಯೊಡನೆ ಎರಡು ವಾರ ಹೋಗಿಬರುವ ಆಸೆಯಿದೆ. ಅವಳಿಗೆ ಜರ್ಮನ್ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ, ಮೊಣಕಾಲು ನೋವೂ ಇದೆ. ಇಬ್ಬರೂ ಸಸ್ಯಾಹಾರಿಗಳು. ಅವರ ಮನೆಯಲ್ಲೇ ಉಳಿಯುವುದು ಸರಿಯೆ? ಯಾವಾಗ ಹೋಗುವುದು ಒಳ್ಳೆಯದು? ಊರಿನಲ್ಲಿ ಅವಳಿಗೆ ಏನನ್ನು ತೋರಿಸಲಿ? ಏನನ್ನು ಒಯ್ಯಲಿ?

ಉತ್ತರ: ನಾನು ಇಪ್ಪತ್ತೆರಡು ವರ್ಷಗಳಿಂದ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ವಾಸವಾಗಿದ್ದೇನೆ. ನಮ್ಮ ಕಡೆಯಿಂದ ಬರುವವರನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ. ಆ ಅನುಭವದಿಂದ ಮೊದಲೇ ಒಂದು ಮಾತು ಹೇಳುತ್ತೇನೆ. ನೀವು ನಾಲ್ಕು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿದ್ದೀರಿ, ಆದರೆ ಅವೆಲ್ಲಕ್ಕೂ ಉತ್ತರ ಒಂದೇ ಕಡೆಯಿಂದ ಬರುತ್ತದೆ. ಟ್ಯೂಬಿಂಗನ್‌ನ ಹಳೆಯ ಊರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ನೋಡಬೇಕಾದದ್ದನ್ನೆಲ್ಲ ಮೂರು ದಿನಗಳಲ್ಲಿ ನಿಧಾನವಾಗಿ ನೋಡಿ ಮುಗಿಸಬಹುದು. ಹಾಗಾಗಿ ನಿಮ್ಮ ಎರಡು ವಾರವನ್ನು ಸ್ನೇಹಿತರಿಗಾಗಿ ಇಟ್ಟುಕೊಳ್ಳಿ, ಊರನ್ನು ಅವರ ಜೊತೆಗೆ, ಅವರ ನಡಿಗೆಯ ವೇಗದಲ್ಲಿ ನೋಡಿ. ಎರಡು ವಾರದಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್ ಎಲ್ಲವನ್ನೂ ತುರುಕಿಕೊಂಡು, ಮೂವತ್ತು ವರ್ಷ ಕಾದ ಸ್ನೇಹಿತರ ಮನೆಗೆ ಒಂದೂವರೆ ದಿನ ಕೊಟ್ಟು ಹೋದವರನ್ನು ನಾನು ಕಂಡಿದ್ದೇನೆ. ಹೊರಡುವ ಹೊತ್ತಿಗೆ ಎರಡೂ ಕಡೆಯವರ ಮುಖ ಬಾಡಿರುತ್ತಿತ್ತು.

ಕಾಲದ ವಿಷಯದಲ್ಲಿ ನನ್ನ ಆಯ್ಕೆ ಜೂನ್. ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ ನಡೆಯುತ್ತದೆ. ಸುಮಾರು ತೊಂಬತ್ತು ಸಾವಿರ ಜನಸಂಖ್ಯೆಯ ಆ ಊರಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ವಿದ್ಯಾರ್ಥಿಗಳಿರುವುದರಿಂದ, ರಜೆಯಲ್ಲಿ ಹೋದರೆ ನಿಮಗೆ ಗೊತ್ತಿದ್ದ ಊರು ಅಲ್ಲಿ ಕಾಣುವುದಿಲ್ಲ. ಜೂನ್‌ನಲ್ಲಿ ಬೆಳಕು ರಾತ್ರಿ ಒಂಬತ್ತೂವರೆಯವರೆಗೆ ಇರುತ್ತದೆ. ಸಂಜೆಯ ಊಟದ ನಂತರವೂ ನದಿಯ ದಂಡೆಯಲ್ಲಿ ಒಂದು ಸುತ್ತು ಹಾಕಲು ಸಮಯ ಸಿಗುತ್ತದೆ. ಒಂದೇ ಎಚ್ಚರಿಕೆ, ಟ್ಯೂಬಿಂಗನ್ ಇರುವ ರಾಜ್ಯದ ಶಾಲೆಗಳಿಗೆ ಪೆಂಟಕೋಸ್ಟ್ ಎಂಬ ಕ್ರೈಸ್ತ ಹಬ್ಬದ ಸುತ್ತ ಎರಡು ವಾರ ರಜೆ ಇರುತ್ತದೆ. ನಿಮ್ಮ ಸ್ನೇಹಿತರಿಗೆ ಮೊಮ್ಮಕ್ಕಳಿದ್ದರೆ ಆ ದಿನಗಳು ಅವರಿಗೆ ಮೀಸಲಾಗಿರಬಹುದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ದಿನಾಂಕವನ್ನು ಅವರಿಂದಲೇ ಗೊತ್ತುಮಾಡಿಸಿಕೊಳ್ಳಿ. ಇಲ್ಲಿಯವರು ಆರು ತಿಂಗಳ ಮುಂಚೆ ಕ್ಯಾಲೆಂಡರಿನಲ್ಲಿ ಬರೆದಿಡುವವರು. ಅಷ್ಟು ಮುಂಚೆ ಕೇಳಿದರೆ ಅವಸರವೆಂದು ಅವರಿಗೆ ಅನಿಸುವುದಿಲ್ಲ, ಗೌರವವೆಂದೇ ತಿಳಿಯುತ್ತಾರೆ.

ವೀಸಾ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ ಬೇಕಾದದ್ದು ಅಲ್ಪಾವಧಿಯ ಶೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಗಳಿಗಿಂತ ತಡ ಮಾಡುವಂತಿಲ್ಲ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ ಆಗಿದೆ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅತಿಥಿಯ ಖರ್ಚೆಲ್ಲ ತನ್ನದೆಂದು ಆತಿಥೇಯರು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಬರೆದುಕೊಡುವ ಒಂದು ಬಾಧ್ಯತಾ ಪತ್ರವಿದೆ. ಕೆಲವರು ಅದನ್ನು ತರಿಸಿಕೊಳ್ಳಿ ಎಂದು ನಿಮಗೆ ಹೇಳಬಹುದು. ಪಿಂಚಣಿಯೂ ಬ್ಯಾಂಕಿನಲ್ಲಿ ಸಾಕಷ್ಟು ಉಳಿತಾಯವೂ ಇರುವ ನೀವು, ಕಾನೂನಿನ ಹೊಣೆ ಹೊರಿಸುವ ಆ ಪತ್ರಕ್ಕಾಗಿ ಎಪ್ಪತ್ತರ ಹತ್ತಿರದ ಸ್ನೇಹಿತರನ್ನು ಕಚೇರಿ ಹತ್ತಿಸಬೇಡಿ. ಸ್ವಂತ ಹಣದ ದಾಖಲೆಗಳು ಮತ್ತು ಅವರು ಕೈಯಾರೆ ಬರೆದ ಸರಳ ಆಹ್ವಾನ ಪತ್ರವನ್ನು ಲಗತ್ತಿಸಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಆ ನಿಲ್ದಾಣದ ಕೆಳಗಿನಿಂದಲೇ ಹೊರಡುವ ವೇಗದ ರೈಲು ಸ್ಟುಟ್‌ಗಾರ್ಟನ್ನು ಸುಮಾರು ಒಂದೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ, ಅಲ್ಲಿಂದ ಮುಂದೆ ಟ್ಯೂಬಿಂಗನ್‌ಗೆ ಮುಕ್ಕಾಲರಿಂದ ಒಂದು ಗಂಟೆ. ನಿಮ್ಮ ಕಾಲದಲ್ಲಿ ರೈಲಿನ ಸಮಯಕ್ಕೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದಿರಬಹುದು. ಈಗ ರೈಲು ತಡವಾಗುವುದು ನಿತ್ಯದ ಸಂಗತಿ. ಹಾಗಾಗಿ ವಿಮಾನ ಇಳಿಯುವುದಕ್ಕೂ ರೈಲಿಗೂ ನಡುವೆ ಎರಡು ಗಂಟೆಯಾದರೂ ಬಿಟ್ಟು ಟಿಕೆಟ್ ಮಾಡಿಸಿ.

ಇನ್ನು ಅವರ ಮನೆಯಲ್ಲಿ ಉಳಿಯುವ ಪ್ರಶ್ನೆ. ‘ನಮ್ಮಲ್ಲೇ ಇರಿ’ ಎಂದು ಅವರು ಬರೆದಿದ್ದರೆ ಅದು ಬಾಯಿಮಾತಲ್ಲ. ಈ ಸೀಮೆಯ ಜನ ಉಪಚಾರಕ್ಕೆ ಹೀಗೆ ಬರೆಯುವುದಿಲ್ಲ. ಆದರೂ ಹದಿನಾಲ್ಕು ರಾತ್ರಿ ಒಂದೇ ಮನೆಯಲ್ಲಿ ಉಳಿಯಬೇಡಿ ಎಂದೇ ನನ್ನ ಸಲಹೆ. ನಮ್ಮಲ್ಲಿ ನೆಂಟರು ಬಂದರೆ ಮನೆಯ ದಿನಚರಿ ಅವರ ಸುತ್ತ ಸಡಿಲಾಗುತ್ತದೆ, ಅಡುಗೆಯ ಹೊತ್ತು ಹಿಂದೆಮುಂದೆ ಆಗುತ್ತದೆ, ಯಾರೂ ಅದನ್ನು ಲೆಕ್ಕಕ್ಕಿಡುವುದಿಲ್ಲ. ಅಲ್ಲಿ ದಿನಚರಿಯೇ ಮನೆಯ ಕಂಬ. ಅತಿಥಿ ಬಂದರೆ ಆತಿಥೇಯರು ಆ ಕಂಬವನ್ನೂ ಹಿಡಿದುಕೊಂಡು ನಿಮ್ಮನ್ನೂ ನೋಡಿಕೊಳ್ಳಲು ಹೆಣಗುತ್ತಾರೆ, ದಣಿದರೂ ಹೇಳುವುದಿಲ್ಲ. ಮೊದಲ ಮೂರು ರಾತ್ರಿ ದಂಪತಿಯ ಮನೆಯಲ್ಲಿರಿ. ಆಮೇಲೆ ಹಳೆಯ ಊರಿನ ಹತ್ತಿರ, ಲಿಫ್ಟ್ ಇರುವ ಅಥವಾ ನೆಲಮಹಡಿಯಲ್ಲಿರುವ, ಅಡುಗೆಮನೆಯಿರುವ ಪ್ರವಾಸಿ ವಸತಿಯನ್ನು ಬಾಡಿಗೆಗೆ ಹಿಡಿಯಿರಿ. ಒಬ್ಬಂಟಿಯಾಗಿರುವ ಸ್ನೇಹಿತರ ಮನೆಯಲ್ಲಿ ಕೊನೆಯ ಎರಡು ರಾತ್ರಿ ಕಳೆಯಬಹುದೇ ಎಂದು ಕೇಳಿ. ಪತ್ನಿಯಿಲ್ಲದ ಮನೆಗೆ ಅತಿಥಿಗಳನ್ನು ಕರೆಯಲು ಅವರಿಗೆ ಸಂಕೋಚವಿದ್ದರೆ, ಕೇಳಿದ ಮೇಲೆ ನಿರ್ಧರಿಸಲು ಅವರಿಗೆ ಅವಕಾಶವಿರಲಿ. ಈ ಏರ್ಪಾಟನ್ನು ಮೊದಲ ಪತ್ರದಲ್ಲೇ ಹೇಳಿಬಿಡಿ, ‘ನಿಮ್ಮಲ್ಲಿ ಮೂರು ದಿನ, ಆಮೇಲೆ ನಿಮ್ಮ ನೆರೆಯವರಾಗಿ’ ಎಂದರೆ ಅವರಿಗೆ ಬೇಸರವಾಗುವುದಿಲ್ಲ.

ಮನೆಯೊಳಗಿನ ರೀತಿನೀತಿ ನಿಮಗೆ ಗೊತ್ತು, ಪತ್ನಿಯವರಿಗಾಗಿ ಕೆಲವನ್ನು ನೆನಪಿಸುತ್ತೇನೆ. ಹತ್ತು ಗಂಟೆಯ ನಂತರ ಸದ್ದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಖಾಲಿ ಬಾಟಲಿಗಳನ್ನು ಗಾಜಿನ ಡಬ್ಬಕ್ಕೆ ಹಾಕುವ ಸದ್ದನ್ನೂ ಅಂದು ಮಾಡುವಂತಿಲ್ಲ. ಬಹುಮಹಡಿ ಮನೆಗಳ ಬಾಗಿಲಿಗೆ ವಾರಕ್ಕೊಬ್ಬರಂತೆ ಸರದಿಯ ಪುಟ್ಟ ಫಲಕ ತೂಗುತ್ತದೆ, ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ಆ ಮನೆಯವರದು. ಬಾಡಿಗೆ ವಸತಿಯಲ್ಲಿ ಅಂಥ ಫಲಕ ಕಂಡರೆ ಮನೆಯೊಡತಿಯನ್ನು ವಿಚಾರಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ‘ಬೇಡ’ ಎಂಬ ಮಾತು. ನನ್ನ ತಾಯಿ ಮೊದಲ ಸಲ ಇಲ್ಲಿಗೆ ಬಂದಾಗ ಪಕ್ಕದ ಮನೆಯವರು ಮಧ್ಯಾಹ್ನ ಮೂರೂವರೆಗೆ ಕಾಫಿಗೆ ಕರೆದಿದ್ದರು. ಮೇಜಿನ ಮೇಲೆ ಮನೆಯಲ್ಲೇ ಮಾಡಿದ ಸೇಬಿನ ಕೇಕು, ಬಟ್ಟಲಲ್ಲಿ ಕಡೆದ ಕೆನೆ. ಆ ಅಜ್ಜಿ ತಟ್ಟೆ ಮುಂದಿಟ್ಟು ಕೇಳಿದರು. ತಾಯಿ ನಮ್ಮ ಪದ್ಧತಿಯಂತೆ ನಕ್ಕು ‘ಬೇಡ’ ಎಂದು ಕೈಯಾಡಿಸಿದರು. ಅಜ್ಜಿ ತಲೆಯಾಡಿಸಿ ತಟ್ಟೆಯನ್ನು ಮುಂದಿನವರ ಕಡೆಗೆ ಸರಿಸಿದರು, ಮತ್ತೆ ಕೇಳಲೇ ಇಲ್ಲ. ಮನೆಗೆ ಬಂದ ಮೇಲೆ ತಾಯಿ ಮೊಸರನ್ನ ಕಲಸಿಕೊಂಡು ತಿಂದರು, ಕಣ್ಣಲ್ಲಿ ನೀರಿತ್ತು. ಬಡಿಸಲು ಮನಸ್ಸಿಲ್ಲದವರು ಕರೆದದ್ದಾದರೂ ಏಕೆ ಎಂದು ಅವರ ನೋವು. ಮರುದಿನ ಅಜ್ಜಿ ನನ್ನ ಬಳಿ, ‘ನಿನ್ನ ತಾಯಿಗೆ ನನ್ನ ಕೇಕು ಹಿಡಿಸಲಿಲ್ಲವೇನೋ, ಪಾಪ, ಒತ್ತಾಯ ಮಾಡಿ ಮುಜುಗರ ಪಡಿಸಬಾರದೆಂದು ಸುಮ್ಮನಿದ್ದೆ’ ಎಂದರು. ಎರಡೂ ಕಡೆ ಪ್ರೀತಿಯಿತ್ತು, ಒಂದು ಪದ ಅಡ್ಡ ಬಂತು. ಆದ್ದರಿಂದ ಪತ್ನಿಯವರಿಗೆ ಈಗಲೇ ಹೇಳಿಡಿ: ಬೇಕಾದರೆ ಮೊದಲ ಸಲಕ್ಕೇ ‘ಹೌದು’ ಎನ್ನಬೇಕು, ಬೇಡವಾದರೆ ಮಾತ್ರ ‘ಬೇಡ’. ಹಾಗೆಯೇ ನೀವು ಬಡಿಸುವಾಗ ಅವರು ಸಾಕೆಂದರೆ ಇನ್ನೊಂದು ಸೌಟು ಹಾಕಬೇಡಿ. ಅವರಿಂದ ಹೊಗಳಿಕೆಯನ್ನೂ ಹೆಚ್ಚು ನಿರೀಕ್ಷಿಸಬೇಡಿ. ‘ಬೈಯದಿದ್ದರೆ ಹೊಗಳಿದಂತೆಯೇ’ ಎಂಬುದು ಟ್ಯೂಬಿಂಗನ್ ಇರುವ ಈ ಶ್ವಾಬಿಯಾ ಸೀಮೆಯ ಹಳೆಯ ಗಾದೆ, ತಟ್ಟೆ ಖಾಲಿಯಾಗಿದ್ದರೆ ಅಡುಗೆ ರುಚಿಸಿತೆಂದೇ ತಿಳಿಯಿರಿ.

ಊಟದ ವಿಷಯದಲ್ಲಿ ‘ಸಸ್ಯಾಹಾರಿ’ ಎಂಬ ಒಂದೇ ಪದ ಸಾಲದು. ಅಲ್ಲಿನ ಸಾಂಪ್ರದಾಯಿಕ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣದ ಕಡೆಗಳಲ್ಲಿ ಇರುತ್ತದೆ. ಕಡುಬಿನಂತೆ ಹೂರಣ ತುಂಬಿದ ಮೌಲ್ಟಾಶೆನ್‌ನ ಒಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸವಿರುತ್ತದೆ, ತರಕಾರಿಯದನ್ನು ಕೇಳಿ ಪಡೆಯಬೇಕು. ಶ್ವಾಬಿಯಾದ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುವುದು ರೂಢಿ. ದೋಸೆಯ ಚೂರುಗಳಂಥದ್ದು ತೇಲುವ ತಿಳಿ ಸೂಪಿನ ಸಾರೂ ಗೋಮಾಂಸದ್ದೇ. ಬೇಳೆಯ ಜೊತೆ ಷ್ಪೆಟ್ಸ್ಲೆ ಎಂಬ ಹಿಟ್ಟಿನ ಎಳೆಗಳನ್ನು ಬಡಿಸುವ ಊಟ ನಮಗೆ ತುಂಬ ಹತ್ತಿರದ್ದೆನಿಸುತ್ತದೆ, ಆದರೆ ಬೇಳೆ ಬೇಯುವಾಗ ಹಂದಿಯ ಕೊಬ್ಬಿನ ತುಂಡು ಬಿದ್ದಿರುವುದುಂಟು. ಷ್ಪೆಟ್ಸ್ಲೆಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ನೀವು ಮೊಟ್ಟೆ ತಿನ್ನುವಿರೋ ಇಲ್ಲವೋ, ಮಾಂಸದ ಸಾರು ಆಗದು ಎಂಬುದನ್ನು ಸ್ನೇಹಿತರಿಗೆ ಮುಂಚೆಯೇ ಬಿಡಿಸಿ ಬರೆಯಿರಿ. ಊಟಕ್ಕೆ ಕುಳಿತ ಮೇಲೆ ಹೇಳುವುದು ಅವರಿಗೂ ಸಂಕಟ. ಜೂನ್‌ನ ಇನ್ನೊಂದು ಅನುಕೂಲವೆಂದರೆ ಬಿಳಿ ಆಸ್ಪರಾಗಸ್. ಜೂನ್ 24ರ ಸಂತ ಯೋಹಾನರ ದಿನಕ್ಕೆ ಅದರ ಕೊಯ್ಲು ನಿಲ್ಲುತ್ತದೆ, ಅದಕ್ಕೂ ಮುಂಚೆ ಹೋದರೆ ಬೆಂದ ಆಲೂಗಡ್ಡೆ, ಬೆಣ್ಣೆಯೊಡನೆ ಅದನ್ನು ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಸಂಜೆಯ ಊಟ ಹೆಚ್ಚಾಗಿ ತಣ್ಣಗಿನ ಬ್ರೆಡ್ಡು, ಚೀಸು, ಸೌತೆಕಾಯಿ. ಬಿಸಿ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ನಾಲ್ಕನೆಯ ದಿನದಿಂದ ಅದು ಕಷ್ಟ; ಅಡುಗೆಮನೆಯಿರುವ ವಸತಿ ಹಿಡಿಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ.

ಉಡುಗೊರೆಯೆಂದರೆ ಧಾರವಾಡದವರ ಮನಸ್ಸು ಮೊದಲು ಪೇಡೆಗೆ ಹೋಗುತ್ತದೆ. ದಯವಿಟ್ಟು ಒಯ್ಯಬೇಡಿ. ಹೊರ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಖೋವಾದಿಂದ ಆಗುವ ಪೇಡೆಯೂ ತುಪ್ಪವೂ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿ ಸೇರಬಹುದು. ಸಸ್ಯಾರೋಗ್ಯದ ಪ್ರಮಾಣಪತ್ರವಿಲ್ಲದೆ ಮಾವಿನಹಣ್ಣನ್ನೂ ಒಯ್ಯುವಂತಿಲ್ಲ. ಚಿಕ್ಕಮಗಳೂರಿನ ಹುರಿದ ಕಾಫಿ ಬೀಜ ಒಯ್ಯಿರಿ, ಆ ಮನೆಗಳಲ್ಲಿ ಕಾಫಿಗೆ ದೊಡ್ಡ ಮರ್ಯಾದೆ. ಅದಕ್ಕಿಂತ ಒಳ್ಳೆಯದು ಕಸೂತಿ ಹಾಕಿದ ಮೇಜಿನ ಹಾಸು. ನಿಮ್ಮ ಪತ್ನಿಯವರಿಗೆ ಕಸೂತಿ ಬರುವುದಾದರೆ ಅರ್ಧ ಮುಗಿದ ಬಟ್ಟೆಯೊಂದನ್ನು ಸೂಜಿ ದಾರದ ಸಮೇತ ಚೀಲದಲ್ಲಿ ಇಟ್ಟುಕೊಳ್ಳಲಿ. ನೀವು ಮತ್ತು ಸ್ನೇಹಿತರು ಹಳೆಯ ಪ್ರಯೋಗಾಲಯದ ಕಥೆಯಲ್ಲಿ ಮುಳುಗಿದಾಗ ಭಾಷೆ ಬಾರದವರು ಮೂಲೆಯಲ್ಲಿ ಕೂರುವಂತಾಗುತ್ತದೆ. ಎರಡು ವಾಕ್ಯಕ್ಕೊಮ್ಮೆ ನೀವು ಅನುವಾದಿಸಿ ಹೇಳುವುದೂ ಬಹಳ ಹೊತ್ತು ನಡೆಯುವುದಿಲ್ಲ. ಗಂಟು ಕಾಣದಂತೆ, ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ರ ಮೂಡುವಂತೆ ಗವಂತಿ ಹೊಲಿಗೆ ಹಾಕುವುದನ್ನು ಆ ಮನೆಯಾಕೆ ಒಮ್ಮೆ ನೋಡಿದರೆ, ಅವರಿಬ್ಬರ ನಡುವೆ ನಿಮ್ಮ ಅನುವಾದ ಬೇಕಾಗುವುದಿಲ್ಲ. ಒಂದು ದಿನ ಅವರ ಅಡುಗೆಮನೆಯಲ್ಲಿ ನಮ್ಮ ಅಡುಗೆ ಮಾಡುವೆವೆಂದು ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಕಿಟಕಿ ತೆರೆದು ಒಗ್ಗರಣೆ ಹಾಕಿ, ಮುಗಿದ ಮೇಲೆ ಒಲೆಯನ್ನು ಮೊದಲಿದ್ದಂತೆ ಒರೆಸಿಕೊಡಿ.

ಈಗ ಊರು. ಪತ್ನಿಯವರಿಗೆ ಮೊದಲು ತೋರಿಸಬೇಕಾದದ್ದು ಎಬರ್‌ಹಾರ್ಡ್ ಸೇತುವೆಯ ಮೇಲಿನಿಂದ ಕಾಣುವ ನೆಕರ್ ನದಿಯ ದಂಡೆ. ಹಳದಿ, ಗುಲಾಬಿ, ತಿಳಿಹಸಿರು ಬಣ್ಣದ ಕಡಿದಾದ ಮಾಡಿನ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಅವುಗಳ ಹಿಂದಿನಿಂದ ಇಗರ್ಜಿಯ ಗೋಪುರ ಇಣುಕುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ನೆಲಸಮವಾದಾಗಲೂ ಈ ಊರು ಬಹುತೇಕ ಉಳಿಯಿತು, ಹಾಗಾಗಿ ಕಾಣುವುದು ಹೊಸದಾಗಿ ಕಟ್ಟಿದ ಹಳೆಯದಲ್ಲ, ನಿಜವಾಗಿಯೂ ಹಳೆಯದೇ. ಸೇತುವೆಯ ನಡುವಿನಿಂದ ನದಿಯ ದ್ವೀಪಕ್ಕೆ ಇಳಿದರೆ ಸುಮಾರು ಇನ್ನೂರು ವರ್ಷ ವಯಸ್ಸಿನ ಪ್ಲೇನ್ ಮರಗಳ ಸಾಲು. ನೆಲ ಸಮತಟ್ಟು, ಕೂರಲು ಬೆಂಚುಗಳಿವೆ. ಮೊಣಕಾಲು ನೋವಿರುವವರಿಗೆ ಇಡೀ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆ ಬೆಂಚಿನ ಮೇಲಿಂದ ಎದುರು ದಡದಲ್ಲಿ ಕಾಣುವ ಹಳದಿ ದುಂಡು ಗೋಪುರದ ಕಥೆಯನ್ನು ಪತ್ನಿಯವರಿಗೆ ನೀವೇ ಹೇಳಬೇಕು. ಕವಿ ಫ್ರೀಡ್ರಿಶ್ ಹೋಲ್ಡರ್ಲಿನ್ ಮತಿವಿಕಲನಾಗಿ 1806ರಲ್ಲಿ ಈ ಊರಿನ ಚಿಕಿತ್ಸಾಲಯ ಸೇರಿದ. ಗುಣವಾಗದ ಕಾಯಿಲೆ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಮರುವರ್ಷ ವೈದ್ಯರು ಕೈಬಿಟ್ಟರು. ಆತನ ಕಾದಂಬರಿಯನ್ನು ಓದಿ ಮೆಚ್ಚಿದ್ದ ಎರ್ನ್‌ಸ್ಟ್ ಜಿಮ್ಮರ್ ಎಂಬ ಬಡಗಿ, ನದಿಯಂಚಿನ ತನ್ನ ಮನೆಗೆ ಕವಿಯನ್ನು ಕರೆದುಕೊಂಡು ಬಂದ. ಮೂರು ವರ್ಷ ಎಂದಿದ್ದ ಆ ಅತಿಥಿ ಬಡಗಿಯ ಮನೆಯಲ್ಲಿ 36 ವರ್ಷ ಇದ್ದು, 1843ರ ಜೂನ್ 7ರಂದು ಅಲ್ಲಿಯೇ ತೀರಿಕೊಂಡ. ಬಡಗಿ 1838ರಲ್ಲೇ ತೀರಿಹೋಗಿದ್ದ. ಆಮೇಲೆ ನೋಡಿಕೊಂಡವಳು ಆತನ ಮಗಳು ಲೊಟ್ಟೆ. 1875ರ ಬೆಂಕಿಯಲ್ಲಿ ಸುಟ್ಟ ಮೇಲೆ ಮತ್ತೆ ಕಟ್ಟಿದ ಆ ಗೋಪುರ ಇಂದು ವಸ್ತುಸಂಗ್ರಹಾಲಯ. ಒಳಗೆ ಹೋಗಿ ಕಿಟಕಿಯ ಬಳಿ ನಿಂತು, ಆತ ದಿನವೂ ನೋಡುತ್ತಿದ್ದ ನೀರನ್ನು ಸ್ವಲ್ಪ ಹೊತ್ತು ನೋಡಿ. ಈ ಊರಿನ ದೊಡ್ಡ ಕಟ್ಟಡಗಳೆಲ್ಲ ರಾಜರ, ಪಂಡಿತರ ಹೆಸರು ಹೊತ್ತಿವೆ. ನನಗೆ ಆ ಬಡಗಿಯ ಮನೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಗೋಪುರದಿಂದ ಮೇಲಕ್ಕೆ ಹತ್ತಿದರೆ ಬುರ್ಸೆ ಎಂಬ ವಿಶ್ವವಿದ್ಯಾಲಯದ ಹಳೆಯ ಕಟ್ಟಡ, ಅದೇ ಬೀದಿಯಲ್ಲಿ ಮುಂದೆ 1536ರಲ್ಲಿ ಸ್ಥಾಪಿತವಾದ ಷ್ಟಿಫ್ಟ್ ಎಂಬ ಪ್ರಾಟೆಸ್ಟಂಟ್ ವಿದ್ಯಾನಿಲಯ. ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿ. ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಜೊತೆಗೆ ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿದ್ದರು. ಮಾರುಕಟ್ಟೆ ಚೌಕದ ನಗರಸಭಾ ಕಟ್ಟಡ 1435ರದ್ದು, ಅದರ ನೆತ್ತಿಯಲ್ಲಿರುವ ಖಗೋಳ ಗಡಿಯಾರವನ್ನು 1511ರಲ್ಲಿ ಯೋಹಾನೆಸ್ ಷ್ಟೋಫ್ಲರ್ ರೂಪಿಸಿದ. ಹಳ್ಳಿಗಳಿಂದ ಬರುವ ತರಕಾರಿ ಮಾರುವವರು ಚೌಕದಲ್ಲಿ ಕೂರುವ ಸಂತೆಯ ಬೆಳಗ್ಗೆಯೇ ಅಲ್ಲಿಗೆ ಹೋಗಿ, ಉಳಿದ ದಿನ ಅದು ಬರೀ ಚೌಕ. ಹೋಲ್ಜ್‌ಮಾರ್ಕ್ಟ್ ಎಂಬ ಚೌಕದಲ್ಲಿ ಇಗರ್ಜಿಯ ಎದುರಿಗೆ ಇರುವ ಹಳೆಯ ಪುಸ್ತಕದಂಗಡಿಯಲ್ಲಿ ಮುಂದೆ ಕಾದಂಬರಿಕಾರನಾಗಿ ಹೆಸರಾದ ಹೆರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಕೆಲಸ ಕಲಿತು ದುಡಿದ. ಕಲ್ಲುಹಾಸಿನ ಬೀದಿಗಳಲ್ಲಿ ತೆಳು ಅಟ್ಟೆಯ ಚಪ್ಪಲಿ ಉಪಯೋಗವಿಲ್ಲ, ದಪ್ಪ ಅಟ್ಟೆಯ ಬೂಟು ಇರಲಿ. ಇಗರ್ಜಿಯ ಗೋಪುರ ಹತ್ತುವುದನ್ನು ಪತ್ನಿಯವರು ಬಿಟ್ಟುಬಿಡಲಿ.

ಕೋಟೆಯನ್ನು ಮಾತ್ರ ಬಿಡಬೇಡಿ. ಹೋಹೆನ್‌ಟ್ಯೂಬಿಂಗನ್ ಕೋಟೆಯ ದಾರಿ ಕಡಿದಾದದ್ದು, ಏರುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಹೆಚ್ಚು ನೋವಾಗುತ್ತದೆ. ಊರುಗೋಲು ಹಿಡಿದು, ನಡುನಡುವೆ ನಿಂತು, ಒಂದು ಇಡೀ ಬೆಳಗ್ಗೆಯನ್ನು ಅದಕ್ಕೇ ಇಟ್ಟು ಹೋಗಿ. ಅಲ್ಲಿನ ವಸ್ತುಸಂಗ್ರಹಾಲಯ ವಾರದ ಮೊದಲ ದಿನಗಳಲ್ಲಿ ಮುಚ್ಚಿರುವುದರಿಂದ ವಾರದ ಕೊನೆಯ ಕಡೆಗೆ ಹೋಗಿ. ಹಿಮಯುಗದ ಮಹಾಗಜದ (ಮ್ಯಾಮತ್) ದಂತದಲ್ಲಿ ಕೆತ್ತಿದ, ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಒಂದು ಕುದುರೆ ಅಲ್ಲಿದೆ. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿತು, ವಯಸ್ಸು ಸುಮಾರು ನಲವತ್ತು ಸಾವಿರ ವರ್ಷ. ಕಾಲುಗಳು ಮುರಿದುಹೋಗಿವೆ, ಕತ್ತಿನ ಬಾಗು ಹಾಗೆಯೇ ಉಳಿದಿದೆ. ಗಾಜಿನ ಮುಂದೆ ಬಗ್ಗಿ ಪಕ್ಕದಿಂದ ನೋಡಿದರೆ ಕುದುರೆ ತಲೆ ತಗ್ಗಿಸಿ ಏನನ್ನೋ ಆಲಿಸುವಂತಿದೆ. ಆ ಗುಹೆಯೂ ಅದರ ಸುತ್ತಿನ ಕೆಲವು ಗುಹೆಗಳೂ 2017ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ರಸಾಯನಶಾಸ್ತ್ರಜ್ಞರಾದ ನಿಮಗೆ ಕೋಟೆಯ ಹಳೆಯ ಅಡುಗೆಮನೆ ಮುಖ್ಯ: 1869ರಲ್ಲಿ ಫ್ರೀಡ್ರಿಶ್ ಮೀಷರ್, ಗಾಯದ ಪಟ್ಟಿಗಳಿಂದ ತೊಳೆದು ತೆಗೆದ ಕೀವಿನ ಜೀವಕೋಶಗಳಿಂದ ‘ನ್ಯೂಕ್ಲಿನ್’ ಎಂದು ತಾನು ಹೆಸರಿಟ್ಟ ವಸ್ತುವನ್ನು ಬೇರ್ಪಡಿಸಿದ್ದು ಅಲ್ಲೇ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಆ ಕೋಣೆಗೆ ನಿಮ್ಮ ಇಬ್ಬರು ಸ್ನೇಹಿತರನ್ನೂ ಕರೆದುಕೊಂಡು ಹೋಗಿ.

ಕನ್ನಡಿಗರಾಗಿ, ಅದರಲ್ಲೂ ಧಾರವಾಡದವರಾಗಿ, ನೀವು ಆ ಊರಿಗೆ ಬರಿಗೈಯಲ್ಲಿ ಹೋಗುತ್ತಿಲ್ಲ ಎಂಬುದನ್ನು ನೆನಪಿಸಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ, ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. ನಿಘಂಟಿಗಾಗಿ 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ ಪ್ರಕಟವಾದ 1903ರಲ್ಲೇ, ಡಿಸೆಂಬರ್ ತಿಂಗಳಲ್ಲಿ, ಅವರು ಅಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜನ್ನು ದಿನವೂ ಕಾಣುವ ನಿಮಗೆ, ಅವರು ಮುಪ್ಪಿನಲ್ಲಿ ಓಡಾಡಿದ ಬೀದಿಗಳು ಬೇರೆಯದೇ ಆಗಿ ಕಾಣುತ್ತವೆ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದೂ ಈ ಊರಿನಲ್ಲೇ. ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟ್ ಕೂಡ ಇಲ್ಲಿಯೇ ಓದಿದವರು. ಅವರ ಕೈಬರಹದ ಸಂಗ್ರಹವನ್ನು ವಿಶ್ವವಿದ್ಯಾಲಯದ ಗ್ರಂಥಾಲಯ ಇಂದಿಗೂ ಕಾಪಾಡಿಕೊಂಡಿದೆ, ಮೇಲೆ ಹೇಳಿದ ಹೆಸ್ಸೆ ಅವರ ಮಗಳ ಮಗ. ಈ ವಿಷಯ ಟ್ಯೂಬಿಂಗನ್‌ನವರಿಗೇ ಹೆಚ್ಚು ಗೊತ್ತಿಲ್ಲ. ಸ್ನೇಹಿತರು ನಿಮಗೆ ಊರು ತೋರಿಸುವಾಗ, ಅವರ ಊರಿನ ಈ ಭಾಗವನ್ನು ನೀವು ಅವರಿಗೆ ತೋರಿಸಬಹುದು. ಮೂವತ್ತು ವರ್ಷಗಳ ನಂತರ ಹೋಗುವ ಅತಿಥಿಯ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಕೊಡುಗೆ ಇರಲಾರದು.

ಗಾರ್ಟನ್‌ಷ್ಟ್ರಾಸೆಯಲ್ಲಿ 1938ರ ನವೆಂಬರ್‌ನಲ್ಲಿ ಸುಟ್ಟುಹಾಕಿದ ಯಹೂದಿ ಪ್ರಾರ್ಥನಾ ಮಂದಿರದ ಜಾಗದಲ್ಲಿ ಒಂದು ಸ್ಮಾರಕವಿದೆ. ನೀವು ಅಲ್ಲಿದ್ದ ವರ್ಷಗಳಲ್ಲಿ ಅದು ಇರಲಿಲ್ಲ. ನದಿದಂಡೆಯ ಚೆಲುವು ನೋಡಿದ ಮೇಲೆ ಅಲ್ಲಿಗೂ ಒಮ್ಮೆ ನಡೆದು ಹೋಗಿ.

ಸ್ನೇಹಿತರೊಡನೆ ಮಾಡಲೇಬೇಕಾದದ್ದು ಷ್ಟೋಖರ್‌ಕಾನ್ ಎಂಬ ಉದ್ದನೆಯ ಚಪ್ಪಟೆ ದೋಣಿಯ ಸವಾರಿ. ಹಿಂಬದಿಯಲ್ಲಿ ಒಬ್ಬರು ನಿಂತು ಆರೇಳು ಮೀಟರ್ ಉದ್ದದ ಗಳುವನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ, ಉಳಿದವರು ಎರಡು ಬದಿಗೆ ಎದುರುಬದುರಾಗಿ ಹಲಗೆಗೆ ಒರಗಿ ಕಾಲು ಚಾಚಿ ಕೂರುತ್ತಾರೆ. ದ್ವೀಪವನ್ನು ಸುತ್ತಿ ಬರಲು ಸುಮಾರು ಒಂದು ಗಂಟೆ. ಎಂಜಿನ್ ಇಲ್ಲದ್ದರಿಂದ ಗಳು ನೀರಿನಿಂದ ಮೇಲೇಳುವ ಸದ್ದು, ಅದರಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ನಿಮ್ಮ ಮಾತೇ ಕೇಳಿಸುವುದು. ಹಳೆಯ ಸ್ನೇಹಿತರು ಮಾತಾಡಲು ಇದಕ್ಕಿಂತ ಅನುಕೂಲವಾದ ಕೋಣೆಯನ್ನು ನಾನು ಕಂಡಿಲ್ಲ. ಹತ್ತುವಾಗ ದೋಣಿ ಓಲಾಡುತ್ತದೆ, ಪತ್ನಿಯವರಿಗೆ ಇಬ್ಬರು ಕೈಕೊಡಲಿ. ಇನ್ನೊಂದು ದಿನ ಐದಾರು ಕಿಲೋಮೀಟರು ದೂರದ ಬೇಬೆನ್‌ಹೌಸೆನ್‌ಗೆ ಬಸ್ಸಿನಲ್ಲಿ ಹೋಗಿ. 12ನೆಯ ಶತಮಾನದ ಕೊನೆಯಲ್ಲಿ ಕಾಡಂಚಿನಲ್ಲಿ ಕಟ್ಟಿದ, ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಗಡದ ಮಠ ಅದು. ಈ ಸೀಮೆಯನ್ನು ಆಳಿದ ವ್ಯೂರ್ಟೆಂಬರ್ಗ್ ರಾಜ್ಯದ ಕೊನೆಯ ಅರಸ ಎರಡನೆಯ ವಿಲ್ಹೆಲ್ಮ್ ಸಿಂಹಾಸನ ಬಿಟ್ಟ ಮೇಲೆ ಅಲ್ಲಿದ್ದು 1921ರಲ್ಲಿ ತೀರಿಕೊಂಡ. ಮಠದ ಒಳಾಂಗಣದ ಸುತ್ತಿನ ಕಲ್ಲಿನ ಪಡಸಾಲೆ ಬಿಸಿಲಿನ ದಿನಕ್ಕೂ ತಂಪಾಗಿರುತ್ತದೆ.

ಕೊನೆಯದಾಗಿ ನಿಮ್ಮ ಎರಡನೆಯ ಸ್ನೇಹಿತರ ವಿಷಯ. ನೀವು ಅದರ ಬಗ್ಗೆ ಏನನ್ನೂ ಕೇಳಿಲ್ಲ, ಆದರೆ ಪ್ರಶ್ನೆಯಲ್ಲಿ ಅದನ್ನು ಬರೆದಿದ್ದೀರೆಂದರೆ ಮನಸ್ಸಿನಲ್ಲಿದೆ ಎಂದು ತಿಳಿಯುತ್ತೇನೆ. ತೀರಿಹೋದವರ ಹೆಸರೆತ್ತಿದರೆ ನೋವಾದೀತೆಂದು ನಮ್ಮವರು ಸುಮ್ಮನಿರುತ್ತಾರೆ. ಅಲ್ಲಿ ಆ ಮೌನವನ್ನು ಮರೆವು ಎಂದು ತಿಳಿಯುವ ಸಾಧ್ಯತೆಯಿದೆ. ಹೋದ ದಿನವೇ ಆಕೆಯ ಹೆಸರು ಹಿಡಿದು ಮಾತಾಡಿ. 1991ರ ಚಳಿಗಾಲದಲ್ಲಿ ಆಕೆ ನಿಮಗೆ ಊಟಕ್ಕಿಟ್ಟದ್ದೋ, ಜರ್ಮನ್ ತಿದ್ದಿದ್ದೋ, ನೆನಪಿರುವುದೊಂದನ್ನು ಹೇಳಿ. ಸಮಾಧಿಗೆ ಹೋಗಬಹುದೇ ಎಂದು ಕೇಳಿ. ಅಲ್ಲಿನ ಸಮಾಧಿಗಳು ಪುಟ್ಟ ಕೈತೋಟಗಳ ಹಾಗೆ, ಮನೆಯವರು ವರ್ಷವಿಡೀ ಗಿಡ ನೆಟ್ಟು ನೀರೆರೆಯುತ್ತಾರೆ. ಕತ್ತರಿಸಿದ ಹೂವಿಗಿಂತ ಮಣ್ಣಿನ ಸಮೇತ ಒಂದು ಚಿಕ್ಕ ಗಿಡ ಒಯ್ದರೆ ಅವರ ಜೊತೆಗೇ ಕುಳಿತು ನೆಡಬಹುದು. ಸ್ಮಶಾನದ ನಲ್ಲಿಯ ಬಳಿ ನೀರಿನ ಡಬ್ಬಗಳು ತೂಗುಹಾಕಿರುತ್ತವೆ, ಒಂದನ್ನು ನೀವು ತುಂಬಿಕೊಂಡು ಬನ್ನಿ.